ಎಂಟುನೂರು ಚೌಕದ ಕೆರೆ

ಜುಲೈ ತಿಂಗಳ ಬೆಳಗು, ಆರೂವರೆ. ಗುಡವಿ ಪಕ್ಷಿಧಾಮದ ವೀಕ್ಷಣಾ ಗೋಪುರದ ಮೆಟ್ಟಿಲು ತೊಯ್ದು ಜಾರುತ್ತಿದೆ. ಮೇಲೆ ನಿಂತರೆ ಕೆಳಗೆ ಕೆರೆ. ಸೊಂಟದವರೆಗೆ ಮುಳುಗಿದ ಮರಗಳು. ಮರದ ತುಂಬ ಬಿಳಿ ಕೆಂಬರಲು, ನೀರುಕಾಗೆ. ಕಡ್ಡಿಗಾಗಿ ಜಗಳ, ರೆಕ್ಕೆಯ ಬಡಿತ, ಹಿಕ್ಕೆಯ ಘಾಟು. ನೀವು ರೈನ್‌ಕೋಟಿನ ಮರೆಯಲ್ಲಿ ಲ್ಯಾಪ್‌ಟಾಪ್ ತೆರೆಯುತ್ತೀರಿ.

ಪರದೆಯ ಮೇಲೂ ಇದೇ ಗುಡವಿ. 2000ದ ಫೆಬ್ರವರಿಯಲ್ಲಿ ಎಂಡೆವರ್ ಗಗನನೌಕೆ 11 ದಿನ ಭೂಮಿ ಸುತ್ತುತ್ತ ರೇಡಾರಿನಿಂದ ಅಳೆದ ಎತ್ತರಗಳು. ಸುಮಾರು 30 ಮೀಟರ್ ಅಗಲದ ಒಂದೊಂದು ಚೌಕಕ್ಕೂ ಒಂದೊಂದು ಅಂಕಿ. ಮುಕ್ಕಾಲು ಚದರ ಕಿಲೋಮೀಟರಿನಷ್ಟಿರುವ ಪಕ್ಷಿಧಾಮ ಎಂಟುನೂರು ಚಿಲ್ಲರೆ ಚೌಕಗಳಲ್ಲೇ ಮುಗಿಯಿತು.

ಲೆಕ್ಕ ಶುರುವಾಗುತ್ತದೆ. ಸುತ್ತಲಿಗಿಂತ ಎತ್ತರವಾದದ್ದು ದಿಣ್ಣೆ, ತಗ್ಗಾದದ್ದು ಕಣಿವೆ, ಬಣ್ಣ ಹರಡುತ್ತದೆ. ಜೊತೆಗೆ ಬಂದ ಊರಿನ ಯಜಮಾನರು ಇಣುಕಿ ನೋಡಿ ಬೆರಳಿಡುತ್ತಾರೆ: “ಇದು ಕಾನು. ಇದು ಹುಲ್ಲಿನ ಬ್ಯಾಣ. ಇದು ಮೇಲಿನ ಮಕ್ಕಿ ಗದ್ದೆ, ಇದು ಕೆಳಗಿನ ಬೈಲು.” ಕಾನಿನ ಜಾಗ ಇರುವುದಕ್ಕಿಂತ ಎತ್ತರವಾಗಿ ಕಾಣುತ್ತಿದೆ. ದಟ್ಟ ಎಲೆಗಳಡಿಯ ನೆಲ ರೇಡಾರಿಗೆ ಸಿಕ್ಕಿಲ್ಲ; ಮರದ ತಲೆಯನ್ನೂ ನೆಲದ ಲೆಕ್ಕಕ್ಕೆ ಸೇರಿಸಿಕೊಂಡಿದೆ.

ಈಗ ನಕ್ಷೆಯ ಮೇಲೆ ನೀರು ಬಿಡಬೇಕು. ಪ್ರತಿ ಚೌಕವೂ ಎಂಟು ನೆರೆಚೌಕಗಳನ್ನು ನೋಡಿ, ಇಳಿಜಾರು ಹೆಚ್ಚಿರುವ ಕಡೆಗೆ ನೀರು ದಾಟಿಸುತ್ತದೆ. ಸುತ್ತಲೂ ಎತ್ತರವಿದ್ದರೆ ನೀರು ಅಲ್ಲೇ ನಿಲ್ಲುತ್ತದೆ, ಲೆಕ್ಕವೂ ನಿಲ್ಲುತ್ತದೆ. ಅದಕ್ಕೇ ತಂತ್ರಾಂಶಕ್ಕೆ ಇಂಥ ತಗ್ಗೆಲ್ಲ ಅಳತೆಯ ತಪ್ಪು. ಅಂಚಿನ ಮಟ್ಟಕ್ಕೆ ತುಂಬಿ ಸಪಾಟು ಮಾಡು ಎನ್ನುತ್ತದೆ. ಒಪ್ಪಿದರೆ ಕೆರೆ ಮಾಯ. ಬಿದ್ದ ಮಳೆಯೆಲ್ಲ ನಿಲ್ಲದೆ ವರದಾ ನದಿಗೆ ಓಡುತ್ತದೆ; ನಕ್ಷೆಯ ಹೊಳೆಗೆ ಇಲ್ಲದ ಪ್ರವಾಹ ಬರುತ್ತದೆ.

ಬೆರಳು ಒಪ್ಪಿಗೆಯ ಗುಂಡಿಯ ಮೇಲೆಯೇ ತಡೆಯುತ್ತದೆ. ಪಕ್ಕದ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಕದಂಬ ಅರಸ ಕಾಕುಸ್ಥವರ್ಮ ಕೆರೆ ಮಾಡಿಸಿದ್ದನ್ನು ಐದನೇ ಶತಮಾನದ ಶಾಸನದ ಕಂಬವೊಂದು ಇಂದಿಗೂ ಹೇಳುತ್ತಿದೆ. ತಗ್ಗಿನಲ್ಲಿ ನೀರು ನಿಲ್ಲಿಸಿದ್ದು ಕಲ್ಲಿನಲ್ಲಿ ಬರೆದಿಡುವಂಥ ಕೆಲಸವಾಗಿತ್ತು, ಈ ಸೀಮೆಗೆ.

“ಕೆರೆ ತುಂಬಿದ ಮೇಲೆ ನೀರು ಎಲ್ಲಿಂದ ಹೊರಗೆ ಬೀಳುತ್ತೆ ಯಜಮಾನ್ರೇ?”

“ಬನ್ನಿ, ತೋರಿಸ್ತೀನಿ.”

ತುಂಬುವ ಆಯ್ಕೆಯನ್ನು ಕೈಬಿಟ್ಟು ಇಳಿಯುತ್ತೀರಿ. ಹುಲ್ಲು, ಕೆಸರು, ಕಾಲಿಗೆ ಇಂಬಳ. ಅವರು ಒಂದು ಕಡೆ ನಿಂತು ಕೋಲು ಊರುತ್ತಾರೆ. “ನೀರು ಇಷ್ಟು ಬಂದ್ರೆ ಹರೀತದೆ. ಅಲ್ಲಿವರೆಗೆ ಇಲ್ಲೇ.”

ಕೋಲಿನ ಮೇಲೆ ಅವರ ಹೆಬ್ಬೆರಳು ತೋರಿದ ಗುರುತು ನಿಮ್ಮ ಮೊಣಕಾಲಿಗೂ ಬರದು. ನೌಕೆಯ ಅಂಕಿಗಳೋ ಪೂರ್ತಿ ಮೀಟರಿನವು. ಅದಕ್ಕಿಂತ ಸಣ್ಣದು ಅವುಗಳಲ್ಲಿ ಹಿಡಿಯದು. ನೀವು ಟೇಪು ಬಿಚ್ಚಿ, ಒದ್ದೆ ಪುಸ್ತಕದಲ್ಲಿ ಸೆಂಟಿಮೀಟರ್ ಬರೆದುಕೊಳ್ಳುತ್ತೀರಿ.