ನಲ್ಲಮಲೆಯ ಘಟ್ಟದಲ್ಲಿ ಒಬ್ಬನೇ

ಪದವಿ ತರಗತಿಯಲ್ಲಿ ಅಕ್ಕಮಹಾದೇವಿಯ ವಚನಗಳನ್ನು ಪಾಠ ಮಾಡುತ್ತಿದ್ದೆ. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ಆಕೆ ಒಬ್ಬಳೇ ನಡೆದುಹೋದಳು ಎಂಬ ಮಾತನ್ನು ಇಪ್ಪತ್ತೇಳು ವರ್ಷಗಳಿಂದ ಹೇಳುತ್ತ ಬಂದಂತೆಯೇ ಅಂದೂ ಹೇಳಿದೆ. ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸರ್, ಆ ದಾರಿ ಹ್ಯಾಂಗದ? ನೀವು ನೋಡೀರಿ?" ಎಂದು ಕೇಳಿದಳು. ಒಮ್ಮೆ ಬಸ್ಸಿನಲ್ಲಿ ಹೋಗಿದ್ದೆ. ಆದರೆ ಘಟ್ಟದುದ್ದಕ್ಕೂ ನಿದ್ದೆ ಮಾಡಿದ್ದೆ. ಅದನ್ನು ತರಗತಿಯಲ್ಲಿ ಹೇಳುವ ಧೈರ್ಯವಾಗಲಿಲ್ಲ. "ಕಠಿಣವಾದ ದಾರಿ" ಎಂದು ಹೇಳಿ ಪುಟ ತಿರುಗಿಸಿದೆ.

ಶ್ರೀಶೈಲ ನನಗೆ ಬಾಲ್ಯದಿಂದಲೂ ಎರಡು ಭಾಷೆಗಳಲ್ಲಿ ಪರಿಚಿತ. ನಾನು ಓದಿದ್ದು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಶಾಲೆಯಲ್ಲಿ. ಅಲ್ಲಿ ಮರಾಠಿಯೂ ಕಡ್ಡಾಯ. 1677ರಲ್ಲಿ ದಕ್ಷಿಣದ ದಂಡಯಾತ್ರೆಗೆ ಹೊರಟ ಶಿವಾಜಿ ಮಹಾರಾಜರು ಶ್ರೀಶೈಲಕ್ಕೆ ಹೋದ ಕಥೆಯನ್ನು ಮರಾಠಿ ಗುರುಗಳು ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಿದ್ದರು. ಮಹಾರಾಜರು ಅಲ್ಲಿ ತಮ್ಮ ಶಿರವನ್ನೇ ಅರ್ಪಿಸಲು ಮುಂದಾದರೆಂದೂ, ಮಾಡಬೇಕಾದ ಕಾರ್ಯ ಇನ್ನೂ ಉಳಿದಿದೆಯೆಂದು ಭವಾನಿ ತಡೆದಳೆಂದೂ ಸಭಾಸದ ಬಖರು ಹೇಳುತ್ತದೆ. ಮುಂದಿನ ಪೀರಿಯಡ್ಡಿನಲ್ಲಿ ಕನ್ನಡ ಗುರುಗಳು ಅದೇ ಬೆಟ್ಟಕ್ಕೆ ಹೋದ ಅಕ್ಕನ ಕಥೆ ಹೇಳುತ್ತಿದ್ದರು. ಅರಸ ಮರಳಿ ಬಂದ, ಅಕ್ಕ ಮರಳಲಿಲ್ಲ. ಎರಡು ಪಾಠಗಳ ನಡುವೆ ಗಂಟೆ ಬಾರಿಸುತ್ತಿತ್ತು, ನಾವು ಪುಸ್ತಕ ಬದಲಿಸುತ್ತಿದ್ದೆವು. ಎರಡೂ ಒಂದೇ ಬೆಟ್ಟವೆಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಆ ವಿದ್ಯಾರ್ಥಿನಿಯ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಐವತ್ತು ದಾಟಿದ ಮೇಲೆ, ಸಹೋದ್ಯೋಗಿಗಳ ನಗೆಯನ್ನು ಲೆಕ್ಕಿಸದೆ, ನಾನೊಂದು ಹಿಮಾಲಯನ್ ಮೋಟಾರ್ ಸೈಕಲ್ ಕೊಂಡಿದ್ದೆ. 411 ಸಿ.ಸಿ. ಎಂಜಿನ್, ಇಪ್ಪತ್ತೊಂದು ಅಂಗುಲದ ಮುಂಗಾಲಿ, ಇನ್ನೂರು ಕಿಲೋ ಸಮೀಪದ ತೂಕ. ಮೊಣಕಾಲು ನೋವಿನಿಂದ ಪಾದಯಾತ್ರೆ ನನ್ನಿಂದ ಆಗದ ಮಾತು. ಆದ್ದರಿಂದ ಯುಗಾದಿಗೆ ನಾಲ್ಕು ದಿನ ಮುಂಚಿನ ಶನಿವಾರ, ಹೆಂಡತಿಯ ತವರಾದ ನಾರಾಯಣಪೇಟೆಯಿಂದ ನಸುಕಿನ ಐದು ಗಂಟೆಗೆ ಒಬ್ಬನೇ ಹೊರಟೆ. "ಒಬ್ಬರೇ ಯಾಕೆ?" ಎಂದು ಅವಳು ಕೇಳಿದಳು. "ಅಕ್ಕ ಒಬ್ಬಳೇ ಹೋಗಿದ್ದಳು" ಎಂದೆ. ಅವಳು ಮತ್ತೆ ಮಾತಾಡಲಿಲ್ಲ. ಆ ಉತ್ತರದಲ್ಲಿದ್ದ ಜಂಭ ಮಧ್ಯಾಹ್ನದವರೆಗೂ ನನಗೆ ತಿಳಿಯಲಿಲ್ಲ.

ಮಕ್ತಲದವರೆಗೆ ಕತ್ತಲೆ. ಅಲ್ಲಿಂದ ಕೃಷ್ಣೆಯ ದಡಕ್ಕೆ ಹೋದರೆ ಪಂಚದೇವಪಹಾಡ. ನಡುಗಡ್ಡೆಯಲ್ಲಿ ಶ್ರೀಪಾದ ಶ್ರೀವಲ್ಲಭರ ಕುರವಪುರ. ಮಹಾರಾಷ್ಟ್ರದ ಯಾತ್ರಿಕರನ್ನು ಅಲ್ಲಿಗೆ ಕರೆತರುವ 'ಗುರುಚರಿತ್ರೆ'ಯನ್ನು ಬರೆದ ಸರಸ್ವತಿ ಗಂಗಾಧರ, ತನಗೆ ಮರಾಠಿ ಬಾರದೆಂದು ಆ ಮರಾಠಿ ಗ್ರಂಥದಲ್ಲೇ ಹೇಳಿಕೊಂಡ ಕನ್ನಡಿಗ. ಈ ಸೀಮೆಯಲ್ಲಿ ಭಾಷೆಗಳು ಹೀಗೆಯೇ ಒಂದರ ಅಂಗಳದಲ್ಲಿ ಇನ್ನೊಂದು ಬೆಳೆದಿವೆ. ಆತ್ಮಕೂರಿನ ಮೇಲೆ ಹಾಯ್ದು, ಜುರಾಲ ಅಣೆಕಟ್ಟಿನ ಮೇಲೆ ಕೃಷ್ಣೆಯನ್ನು ದಾಟುವಾಗ ಸೂರ್ಯ ಹುಟ್ಟಿದ್ದ. ಗದ್ವಾಲದ ಕೋಟೆಯ ಬಳಿ ಚಹಾ ಕುಡಿದೆ. ಅಂಗಡಿಯ ಪಕ್ಕದ ಮನೆಯಲ್ಲಿ ನೇಕಾರರೊಬ್ಬರು ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಎಳೆಗೆ ಎಳೆ ಕೂಡಿಸುತ್ತಿದ್ದರು. "ಸೀರೆ ಹಳತಾದರೂ ಈ ಕೂಡು ಬಿಡಬಾರದು" ಎಂದರು. ಎಲ್ಲಿಗೆ ಎಂದು ಕೇಳಿದರು. ಶ್ರೀಶೈಲ ಎಂದಾಗ ಗಾಡಿಯನ್ನೂ ನನ್ನ ನರೆತ ಗಡ್ಡವನ್ನೂ ನೋಡಿ, "ನಿಧಾನ" ಎಂದಷ್ಟೇ ಹೇಳಿದರು.

ಎರ್ರವಳ್ಳಿಯಲ್ಲಿ ಹೆದ್ದಾರಿ ಸೇರಿ, ಕರ್ನೂಲಿನ ಮಗ್ಗುಲಲ್ಲಿ ತುಂಗಭದ್ರೆಯನ್ನು ದಾಟಿ, ನಂದಿಕೊಟ್ಕೂರಿನ ಮೇಲೆ ಮತ್ತೊಂದು ಆತ್ಮಕೂರನ್ನು ತಲುಪಿದೆ. ಮೊದಲನೆಯದು ವನಪರ್ತಿ ಜಿಲ್ಲೆಯದು, ಇದು ನಂದ್ಯಾಲ ಜಿಲ್ಲೆಯದು. ಬಾಗಲಕೋಟೆ, ವಿಜಯಪುರ, ಬೆಳಗಾವಿಗಳ ಕಡೆಯಿಂದ ಯುಗಾದಿಗೆಂದು ನಡೆದು ಬರುವ ಸಾವಿರಾರು ಕನ್ನಡಿಗರು ಈ ಭಾಗದಲ್ಲಿ ರಸ್ತೆಯನ್ನು ಬಿಡುತ್ತಾರೆ. ವೆಂಕಟಾಪುರದಿಂದ ಅಡವಿ ಹೊಕ್ಕು, ನಾಗಲೂಟಿ, ಪೆದ್ದಚೆರುವು, ಭೀಮುನಿಕೊಳನುಗಳ ಮೂಲಕ ಬೆಟ್ಟ ಹತ್ತಿ ಕೈಲಾಸದ್ವಾರವನ್ನು ಸೇರುತ್ತಾರೆ. ವಾಹನದವರಿಗೆ ಬೇರೆ ದಾರಿ: ಬೈರ್ಲೂಟಿ, ರೊಳ್ಳಪೆಂಟಗಳ ಮೂಲಕ ನಲ್ಲಮಲೆಯನ್ನು ಅಡ್ಡಹಾಯ್ದು ದೋರ್ನಾಲಕ್ಕೆ ಇಳಿಯುವ ಘಟ್ಟ. ಹುಲಿಯ ರಕ್ಷಿತಾರಣ್ಯವಾದ್ದರಿಂದ ಅಲ್ಲಿ ರಾತ್ರಿ ಸಂಚಾರ ನಿಷಿದ್ಧ.

ರೊಳ್ಳಪೆಂಟ ದಾಟಿದ ಮೇಲೆ ರಸ್ತೆ ಹಲವೆಡೆ ಕಿತ್ತುಹೋಗಿತ್ತು. ದುರಸ್ತಿಗೆಂದು ಹರಡಿದ್ದ ಜಲ್ಲಿ ತಿರುವುಗಳಲ್ಲಿ ಗುಡ್ಡೆಗಟ್ಟಿತ್ತು. ಇಂತಹ ಕಡೆ ಕಾಲ್ಮೆಟ್ಟಿನ ಮೇಲೆ ಎದ್ದು ನಿಂತು ಸಾಗಬೇಕು. ಇಳಿಜಾರಿನಲ್ಲಿ ಎರಡನೆಯ ಗೇರಿನಲ್ಲಿಟ್ಟು ಎಂಜಿನ್ನೇ ಗಾಡಿಯನ್ನು ತಡೆಯುವಂತೆ ಬಿಡಬೇಕು. ಜಲ್ಲಿಯ ಮೇಲೆ ಮುಂದಿನ ಬ್ರೇಕನ್ನು ಮುಟ್ಟಬಾರದು. ಇವೆಲ್ಲ ನನಗೆ ಗೊತ್ತಿದ್ದವು. ಒಂದು ತಿರುವಿನಲ್ಲಿ ಎದುರಿಗೆ ಕೋತಿಗಳ ಹಿಂಡು ಕಂಡಿತು. ಗೊತ್ತಿದ್ದದ್ದೆಲ್ಲ ಮರೆತು ಬೆರಳುಗಳು ಮುಂದಿನ ಬ್ರೇಕನ್ನು ಒತ್ತಿದವು. ಮುಂಗಾಲಿ ಜಾರಿತು. ಕಣ್ಣು ಬಿಟ್ಟಾಗ ನಾನು ಜಲ್ಲಿಯ ಮೇಲಿದ್ದೆ, ಎಡಗಾಲು ಗಾಡಿಯ ಕೆಳಗಿತ್ತು.

ಗಾಡಿಯ ಮಗ್ಗುಲಿನ ಕಬ್ಬಿಣದ ಚೌಕಟ್ಟು ನೆಲಕ್ಕೂ ಗಾಡಿಗೂ ನಡುವೆ ಸ್ವಲ್ಪ ಎಡೆ ಉಳಿಸಿದ್ದರಿಂದ ಮೂಳೆ ಮುರಿಯಲಿಲ್ಲ. ಎಂಜಿನ್ ಆರಿಸಿದೆ. ಪೆಟ್ರೋಲಿನ ವಾಸನೆ ಬರುತ್ತಿತ್ತು. ಹೇಗೋ ಕಾಲನ್ನು ಎಳೆದುಕೊಂಡೆ. ಬೆನ್ನನ್ನು ಸೀಟಿಗೆ ಆನಿಸಿ, ತೊಡೆಯ ಬಲದಿಂದ ಗಾಡಿ ಎತ್ತುವ ವಿಧಾನವನ್ನು ಸಮತಟ್ಟಾದ ಮೈದಾನದಲ್ಲಿ ಅಭ್ಯಾಸ ಮಾಡಿದ್ದೆ. ಇಲ್ಲಿ ಇಳಿಜಾರು, ಕಾಲಡಿಯ ಜಲ್ಲಿ ಜರಿಯುತ್ತಿತ್ತು. ಮೂರು ಸಲ ಪ್ರಯತ್ನಿಸಿ ಕುಳಿತುಬಿಟ್ಟೆ. ಫೋನಿಗೆ ಸಂಕೇತವಿರಲಿಲ್ಲ. ಕೋತಿಗಳೂ ಹೋಗಿದ್ದವು. ಒಣ ಬಿದಿರು ತಾಕಿಕೊಳ್ಳುವ ಸದ್ದು ಬಿಟ್ಟರೆ ಏನೂ ಇಲ್ಲ. ಆ ಹೊತ್ತಿನಲ್ಲಿ ನನಗೆ ಒಂದು ವಚನವಾದರೂ ನೆನಪಾಯಿತೆಂದು ಬರೆದರೆ ಸುಳ್ಳಾಗುತ್ತದೆ. ನೆನಪಾದದ್ದು ವಿಮೆಯ ಕಂತು ಕಟ್ಟಿದ್ದೇನೆಯೇ ಎಂಬುದು, ಮತ್ತು ಹೆಂಡತಿಗೆ ಕೊಟ್ಟ ಆ ಉತ್ತರ. ಅಲ್ಲಿದ್ದದ್ದು ಇಪ್ಪತ್ತು ನಿಮಿಷವಿರಬಹುದು. ಇಪ್ಪತ್ತೇಳು ವರ್ಷ ಉಚ್ಚರಿಸಿದ 'ಒಬ್ಬಳೇ' ಎಂಬ ಮೂರಕ್ಷರದ ತೂಕ ಅಷ್ಟರಲ್ಲಿ ತಿಳಿಯಿತು.

ಆಮೇಲೆ ಒಂದು ಟೆಂಪೋ ಬಂತು. ಕೆ.ಎ. ಎಂಬ ನೋಂದಣಿ ಫಲಕ ನೋಡಿ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ. ಅಡವಿಯಲ್ಲಿ ನಡೆಯುತ್ತಿದ್ದ ಯಾತ್ರಿಕರ ಗಂಟುಮೂಟೆ, ಜೋಳದ ಹಿಟ್ಟು, ಪಾತ್ರೆಗಳನ್ನು ಹೊತ್ತು ಸುತ್ತುದಾರಿಯಲ್ಲಿ ಶ್ರೀಶೈಲಕ್ಕೆ ಹೊರಟ ಗಾಡಿ ಅದು. ಮೂವರು ಹುಡುಗರು ಇಳಿದು, ನನ್ನನ್ನು ಒಂದು ಮಾತೂ ಕೇಳದೆ ಮೋಟಾರ್ ಸೈಕಲ್ಲನ್ನು ಎತ್ತಿ ನಿಲ್ಲಿಸಿದರು. ಬಾಗಿದ ಕ್ಲಚ್ಚಿನ ಹಿಡಿಯನ್ನು ಒಬ್ಬ ಕೈಯಿಂದಲೇ ನೆಟ್ಟಗೆ ಮಾಡಿದ. ಮೂಟೆಗಳ ನಡುವೆ ಅರವತ್ತು ದಾಟಿದ ತಾಯಿಯೊಬ್ಬರು ಕುಳಿತಿದ್ದರು. ಎರಡೂ ಪಾದಗಳಿಗೆ ಬಟ್ಟೆ ಸುತ್ತಿತ್ತು. ಅವರು ನನಗೆ ನೀರು ಕೊಟ್ಟು, ತಗ್ಗಿದ ದನಿಯಲ್ಲಿ ಹೇಳಿದರು: "ಹತ್ತು ದಿನ ನಡದೀನ್ರಿ. ಅಂಗಾಲ ತುಂಬ ಗುಳ್ಳಿ ಎದ್ದಾವ. ಇವತ್ತೊಂದ ದಿನ ಗಾಡ್ಯಾಗ ಕುಂತೀನಿ. ನಮ್ಮೂರ ಮಂದಿ ಸಿಕ್ರ ಹೇಳಬ್ಯಾಡ್ರಿ." ಹೇಳುವುದಿಲ್ಲ ಎಂದೆ. ನಾನು ಮನೆಯಿಂದಲೇ ಗಾಡಿಯಲ್ಲಿ ಬಂದವನು ಎಂದು ಹೇಳಬೇಕೆನಿಸಿತು, ನಾಚಿಕೆಯಿಂದ ಸುಮ್ಮನಾದೆ.

ದೋರ್ನಾಲದಿಂದ ಮುಂದೆ ಟೆಂಪೋದ ಹಿಂದೆಯೇ, ಅದರ ಧೂಳು ತಿನ್ನುತ್ತ, ಸಾವಕಾಶ ಸಾಗಿದೆ. ಶಿಖರೇಶ್ವರವನ್ನು ದಾಟಿ ಹಾಟಕೇಶ್ವರದ ಬಳಿ ಅದು ನಿಂತಿತು. ಅಡವಿಯ ದಾರಿ ಮೇಲೇರಿ ಬರುವ ಕೈಲಾಸದ್ವಾರ ಅಲ್ಲಿಯೇ ಇದೆ. ಆ ತಾಯಿ ಹುಡುಗರ ಹೆಗಲು ಹಿಡಿದು ಇಳಿದು, ಮೆಟ್ಟಿಲ ತಲೆಯಲ್ಲಿ ತಮ್ಮವರಿಗಾಗಿ ಕಾಯುತ್ತ ಕುಳಿತರು. ನಾನೂ ಕುಳಿತೆ. ಕೆಳಗಿನಿಂದ ಜನ ಏರಿ ಬರುತ್ತಿದ್ದರು. ಬರಿಗಾಲು, ಕೈಯಲ್ಲಿ ಕೋಲು, ತಲೆಯ ಮೇಲೆ ಗಂಟು. ಕೊನೆಯ ಮೆಟ್ಟಿಲುಗಳಲ್ಲಿ ಮುಂದಿನವರು ಹಿಂದಿನವರಿಗೆ ಕೈ ಕೊಡುತ್ತಿದ್ದರು. ಒಬ್ಬರೇ ಬಂದವರು ಒಬ್ಬರೂ ಕಾಣಲಿಲ್ಲ.

ಕದಳಿಗೆ ನಾನು ಹೋಗಲಿಲ್ಲ. ಪಾತಾಳಗಂಗೆಯಿಂದ ದೋಣಿಯಲ್ಲಿ ಸಾಗಿ, ಮತ್ತೆ ನಡೆದು ಅಕ್ಕನ ಗವಿಯನ್ನು ತಲುಪಬೇಕು. ಕಾಲು ಊದಿತ್ತು, ಸೋಮವಾರ ಹತ್ತು ಗಂಟೆಗೆ ತರಗತಿಯಿತ್ತು. ಮಲ್ಲಿಕಾರ್ಜುನನ ದರ್ಶನ ಮಾಡಿ, ಮರಾಠಿ ಗುರುಗಳ ನೆನಪಿಗಾಗಿ ಉತ್ತರ ಗೋಪುರದ ಮುಂದೆ ಸ್ವಲ್ಪ ಹೊತ್ತು ನಿಂತೆ. ಅದನ್ನು ಶಿವಾಜಿ ಮಹಾರಾಜರು ಕಟ್ಟಿಸಿದರೆಂದು ಹೇಳುತ್ತಾರೆ. ಮರಳಿ ಬಂದವರ ಗುರುತು ಗೋಪುರವಾಗಿ ನಿಂತಿದೆ. ಮರಳದವಳ ಗುರುತನ್ನು ನಾವು ತರಗತಿಗಳಲ್ಲಿ ಓದುತ್ತಿದ್ದೇವೆ.

ಸೋಮವಾರ ಕುಂಟುತ್ತ ತರಗತಿಗೆ ಹೋದೆ. ಆ ವಿದ್ಯಾರ್ಥಿನಿಯನ್ನು ಕರೆದು, "ಅಂದು ನೀನು ಕೇಳಿದ ಪ್ರಶ್ನೆಗೆ ನಾನು ಸರಿಯಾದ ಉತ್ತರ ಕೊಟ್ಟಿರಲಿಲ್ಲ" ಎಂದೆ. ಬಸ್ಸಿನಲ್ಲಿ ನಿದ್ದೆ ಮಾಡಿದ್ದನ್ನೂ ಹೇಳಿದೆ. ಜಲ್ಲಿ, ಬಿದಿರು, ಇಪ್ಪತ್ತು ನಿಮಿಷ, ಮೆಟ್ಟಿಲ ಮೇಲೆ ಚಾಚಿದ ಕೈಗಳು, ಎಲ್ಲವನ್ನೂ ಹೇಳಿದೆ. ಅಕ್ಕ ಹೋದ ದಾರಿ ನನಗೆ ಈಗಲೂ ಗೊತ್ತಿಲ್ಲ, ಆದರೆ ಅದನ್ನು ಒಂದೇ ವಾಕ್ಯದಲ್ಲಿ ದಾಟಿಸಬಾರದೆಂಬುದು ಗೊತ್ತಾಗಿದೆ ಎಂದೆ. ಹುಡುಗಿ ಟಿಪ್ಪಣಿ ಬರೆದುಕೊಳ್ಳುವುದನ್ನು ನಿಲ್ಲಿಸಿ, "ಆ ಆಯಿ ಯಾವ ಊರಿನವರು ಸರ್?" ಎಂದು ಕೇಳಿದಳು.

ಅದನ್ನು ಮಾತ್ರ ನಾನು ಹೇಳಲಿಲ್ಲ.