ಗ್ಯಾಲರಿ ಕಟ್ಟುವ ಜಾಣ್ಮೆ

ಲಂಡನ್ನಿನ ಟಾಟನ್‌ಹ್ಯಾಮ್ ಫುಟ್‌ಬಾಲ್ ಕ್ಲಬ್ 2019ರಲ್ಲಿ ಹೊಸ ಕ್ರೀಡಾಂಗಣ ತೆರೆದಾಗ, ದಕ್ಷಿಣ ಬದಿಗೆ 17,500 ಜನ ಹಿಡಿಸುವ ಒಂದೇ ಗ್ಯಾಲರಿ ಕಟ್ಟಿಸಿತ್ತು. ಅದಕ್ಕೆ ಪ್ರೇರಣೆ ಜರ್ಮನಿಯ ಡಾರ್ಟ್ಮುಂಡ್‌ ಕ್ಲಬ್ಬಿನ ‘ಹಳದಿ ಗೋಡೆ’ ಎಂಬ ಗ್ಯಾಲರಿ. ಅಲ್ಲಿ ಸುಮಾರು 25,000 ಜನ ನಿಂತೇ ಆಟ ನೋಡುತ್ತಾರೆ.

ಇಂಥ ಗ್ಯಾಲರಿಯಲ್ಲಿ ನಡುವೆ ಅಂತಸ್ತುಗಳಿಲ್ಲದ್ದರಿಂದ ಒಂದು ಮೂಲೆಯಲ್ಲಿ ಎದ್ದ ಹಾಡು ತಡೆಯಿಲ್ಲದೆ ಕೊನೇ ಸಾಲಿನವರೆಗೂ ಹಬ್ಬುತ್ತದೆ. ಕಡಿದಾದ ಮೆಟ್ಟಿಲುಗಳು ಜನರನ್ನು ಆಟದ ಹತ್ತಿರ ತರುತ್ತವೆ. ಚಾವಣಿ ಕೂಗನ್ನು ಆಕಾಶಕ್ಕೆ ಬಿಡದೆ ಅಂಗಳಕ್ಕೇ ಮರಳಿಸುತ್ತದೆ.

ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ತಂಡದ ಅಭಿಮಾನಿಗಳು ಗಂಟಲು ಹರಿಯುವಂತೆ ಕೂಗುತ್ತಾರೆ. ಆದರೆ ಅವರಿಗೂ ಆಟಗಾರರಿಗೂ ನಡುವೆ ಓಟದ ಟ್ರ್ಯಾಕ್ ಇದೆ. ಅಷ್ಟು ದೂರದಿಂದಲೇ ಇಷ್ಟು ಹುರುಪು ತುಂಬುವ ಜನಕ್ಕೆ ಫುಟ್‌ಬಾಲಿಗೆಂದೇ ಕಟ್ಟಿದ, ಅಂಗಳಕ್ಕೆ ಅಂಟಿಕೊಂಡ ಗ್ಯಾಲರಿಯ ಕ್ರೀಡಾಂಗಣ ಸಿಗಲೇಬೇಕು.