ತಪ್ಪೆಂದು ಹೊಡೆದುಹಾಕಿದ ಅಳತೆಗಳು

ಕಳೆದ ಬೇಸಿಗೆಯ ರಜೆಗೆ ಬಂದ ನನ್ನ ಮೊಮ್ಮಗಳು ಪುಟ್ಟ ಪೆಟ್ಟಿಗೆಯೊಂದನ್ನು ತಂದಿದ್ದಳು. ಅದರಲ್ಲಿದ್ದುದು ಆರ್ಡುಯಿನೊ ಊನೋ ಎಂಬ ಫಲಕ, ಸ್ನಾಯುವಿನ ವಿದ್ಯುತ್ತನ್ನು ಗ್ರಹಿಸುವ ಸೆನ್ಸರ್, ಮೂರು ತಂತಿಗಳು ಮತ್ತು ಇಸಿಜಿ ತೆಗೆಯುವಾಗ ಎದೆಗೆ ಅಂಟಿಸುವಂತಹ ಬಿಲ್ಲೆಗಳು. ಮುಷ್ಟಿ ಬಿಗಿದರೆ ದೀಪ ಹೊತ್ತಬೇಕೆಂಬುದು ಅವಳ ಯೋಜನೆ. ಪ್ರಯೋಗಕ್ಕೆ ತೋಳು ಮಾತ್ರ ನನ್ನದು!

ಆದರೆ ಕೈಯನ್ನು ಮೇಜಿನ ಮೇಲೆ ಸಡಿಲವಾಗಿ ಇಟ್ಟಿದ್ದಾಗಲೂ ಪರದೆಯ ಮೇಲಿನ ಅಂಕಿಗಳು 200ರಿಂದ 800ರವರೆಗೆ ಕುಣಿಯುತ್ತಿದ್ದವು. ಮುಷ್ಟಿ ಬಿಗಿದರೂ ಅದೇ ಕುಣಿತ. "ಸೆನ್ಸರ್ ಕೆಟ್ಟಿದೆ ಪುಟ್ಟಿ, ಹಿಂದಿರುಗಿಸಿಬಿಡು" ಎಂದು ಮೇಷ್ಟರ ಗತ್ತಿನಿಂದ ತೀರ್ಪು ಕೊಟ್ಟೆ.

"ಇರಿ ತಾತ, ಅದು ಏನು ಹೇಳುತ್ತಿದೆಯೋ ಮೊದಲು ನೋಡೋಣ" ಎಂದಳು.

ಸೆಕೆಂಡಿಗೆ 1000 ಬಾರಿ ಅಳೆಯುವಂತೆ ಪ್ರೋಗ್ರಾಮನ್ನು ತಿದ್ದಿ, ಅಂಕಿಗಳನ್ನು ರೇಖೆಯಾಗಿ ಬಿಡಿಸಿದಳು. ಗೊಂದಲವೆಂದು ಕಂಡದ್ದು ಅಲೆಯಾಗಿತ್ತು. ಪ್ರತಿ 20 ಅಳತೆಗೊಮ್ಮೆ ಅದೇ ಏರಿಳಿತ. ಎಂದರೆ ಸೆಕೆಂಡಿಗೆ 50 ಆವರ್ತ, ನಮ್ಮ ಮನೆಯ ಕರೆಂಟಿನದೇ ಲಯ. ಗೋಡೆಯೊಳಗಿನ ತಂತಿ, ಫ್ಯಾನು, ಟ್ಯೂಬ್‌ಲೈಟುಗಳ ಪ್ರಭಾವವನ್ನು ನನ್ನ ದೇಹವೇ ಆಂಟೆನಾದಂತೆ ಹೀರಿಕೊಳ್ಳುತ್ತಿತ್ತು. ಚರ್ಮದ ಮೇಲೆ ಸಿಗುವ ಸ್ನಾಯುವಿನ ಸಂಕೇತವಾದರೋ ಹೆಚ್ಚೆಂದರೆ ಕೆಲವೇ ಮಿಲಿವೋಲ್ಟ್. ಜಾತ್ರೆಯಲ್ಲಿ ಪಿಸುಮಾತು ಕೇಳಿದಂತೆ!

ಆ 50ರ ಅಲೆಯನ್ನು ಪ್ರೋಗ್ರಾಮಿನಲ್ಲಿಯೇ ಅಳಿಸಬಾರದೇಕೆ ಎಂದು ಕೇಳಿದೆ. ಸ್ನಾಯುವಿನ ಸಂಕೇತ ಸುಮಾರು 20ರಿಂದ 500 ಆವರ್ತದವರೆಗೆ ಹರಡಿರುವುದರಿಂದ ಸುಳ್ಳಿನೊಡನೆ ನಿಜವೂ ಒಂದಿಷ್ಟು ಅಳಿದುಹೋಗುತ್ತದೆ, ಮೊದಲು ಮೂಲವನ್ನೇ ಸರಿಪಡಿಸಬೇಕು ಎಂದಳು.

ಒಂದು ಸಲಕ್ಕೆ ಒಂದೇ ಬದಲಾವಣೆ; ಪ್ರತಿಯೊಂದರ ಫಲವೂ ನೋಟ್‌ಪುಸ್ತಕದಲ್ಲಿ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಾಗ ಅಲೆ ಬಹುಪಾಲು ಕುಗ್ಗಿತು. ದೇಹಕ್ಕೆ ತಂತಿ ಅಂಟಿಸಿರುವಾಗ ಬ್ಯಾಟರಿಯಲ್ಲಿಯೇ ನಡೆಸುವುದು ಸುರಕ್ಷಿತವೂ ಹೌದು. ಮೂರನೆಯ ಬಿಲ್ಲೆಯನ್ನು ಸ್ನಾಯುವಿನ ಮೇಲಿಂದ ತೆಗೆದು ಮೊಣಕೈ ಮೂಳೆಯ ಮೇಲೆ ಅಂಟಿಸಿದಳು. ಅದು ಅಳತೆಗೆ ಆಧಾರಬಿಂದು. ಉಳಿದೆರಡನ್ನು ಸ್ನಾಯುವಿನ ಉದ್ದಕ್ಕೆ ಸಾಲಾಗಿ ಇಟ್ಟಳು. ಆ ಎರಡಕ್ಕೂ ಸಮನಾಗಿ ಬರುವ ಗದ್ದಲವನ್ನು ಸೆನ್ಸರ್ ತಾನೇ ಕಳೆದುಹಾಕುತ್ತದೆಯಂತೆ. ಒಂದರ ಅಂಟು ಸಡಿಲವಾದರೆ ಆ ಲೆಕ್ಕ ಕೆಡುತ್ತದೆ. ಕೆಡಿಸಿದ್ದು ನಾನೇ! ಸ್ನಾನದ ನಂತರ ಕೊಬ್ಬರಿ ಎಣ್ಣೆ ಸವರಿಕೊಳ್ಳುವುದು ನನ್ನ ರೂಢಿ. ಸ್ಪಿರಿಟ್‌ನಿಂದ ತೋಳನ್ನು ಒರೆಸಿ, ಜೆಲ್ ಒಣಗಿದ್ದ ಬಿಲ್ಲೆಗಳನ್ನು ಎಸೆದು ಹೊಸದನ್ನು ಅಂಟಿಸಿ, ತಂತಿಗಳನ್ನು ಒಟ್ಟಿಗೆ ಹೆಣೆದಳು. ರೇಖೆ ತಣ್ಣಗಾಯಿತು. ಮುಷ್ಟಿ ಬಿಗಿದೆ, ದೀಪ ಹೊತ್ತಿತು.

ಅವಳು ಚಪ್ಪಾಳೆ ತಟ್ಟಿದಳು. ನನಗೆ ಮಾತ್ರ ಬೇರೊಂದು ಮೇಜು ನೆನಪಾಯಿತು.

1991ರಲ್ಲಿ ಹತ್ತನೆಯ ತರಗತಿಯ ಹುಡುಗನೊಬ್ಬನ ದಿಕ್ಸೂಚಿ ನಮ್ಮ ಪ್ರಯೋಗಾಲಯದ ಮೂಲೆಯ ಮೇಜಿನ ಮೇಲೆ ಉತ್ತರವನ್ನು ಬಿಟ್ಟು ಓರೆಯಾಗಿ ನಿಲ್ಲುತ್ತಿತ್ತು. ಅವನು ಕಂಡಂತೆಯೇ ಚಿತ್ರಿಸಿದ್ದ. ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದು, "ಪುಸ್ತಕದಲ್ಲಿರುವಂತೆ ಬರಿ" ಎಂದು ಗದರಿದೆ. ಅವನು ತಲೆ ತಗ್ಗಿಸಿ ಹಾಗೆಯೇ ಬರೆದ. ಮರುವರ್ಷ ಆ ಮೇಜಿನ ಡ್ರಾಯರ್ ತೆರೆದರೆ ಒಳಗೆ ಕಬ್ಬಿಣದ ಸ್ಟ್ಯಾಂಡುಗಳ ರಾಶಿ. ತೆರವು ಮಾಡಿದೊಡನೆ ಮುಳ್ಳು ನೆಟ್ಟಗಾಯಿತು. ಅಷ್ಟರಲ್ಲಿ ಹುಡುಗ ಶಾಲೆ ಬಿಟ್ಟಿದ್ದ. ಹುಡುಕಿ ತಿಳಿಸುವ ದೊಡ್ಡತನ ನನಗಿರಲಿಲ್ಲ.

ಸೂಜಿ ಸುಳ್ಳು ಹೇಳಿರಲಿಲ್ಲ, ಹುಡುಗನೂ ಹೇಳಿರಲಿಲ್ಲ. ಸುಳ್ಳು ಬರೆಯಿಸಿದವನು ನಾನು. ಆ ವಿದ್ಯಾರ್ಥಿ ಇದನ್ನು ಓದುತ್ತಿದ್ದರೆ ಮೇಷ್ಟರ ಮಾತು ಇಷ್ಟೇ: ಅಪ್ಪಾ, ನಿನ್ನ ಅಳತೆ ಸರಿಯಾಗಿತ್ತು. ಕ್ಷಮಿಸು.